ಸಾವಧಾನದಿಂದ ಕುಂಟಲಿಪಿಯವರೆಗೆ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮೈ ಪಳಗಿಸುವ ಜಾಗ ಮೊದಲು ಗರಡಿಮನೆಯಾಗಿತ್ತು. ದಂಡ, ಬೈಠಕ್, ಮಲ್ಲಕಂಬ ಎಲ್ಲವನ್ನೂ ಉಸ್ತಾದರು ಒಬ್ಬೊಬ್ಬ ಹುಡುಗನನ್ನೂ ತಿದ್ದಿ ಕಲಿಸುತ್ತಿದ್ದರು. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆರೇಳು ವರ್ಷದ ಮಕ್ಕಳಿಗೆಂದು ಬೇರೆ ಪಾಠವೂ ಇರಲಿಲ್ಲ.

ಶಾಲೆಗೆ ಬಂದದ್ದು ಕವಾಯತು. ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೆರೆದ ವ್ಯಾಯಾಮ ಸಂಸ್ಥೆಯ ಪದ್ಧತಿಯನ್ನು ಇಂಗ್ಲೆಂಡು 1909ರ ಪ್ರಾಥಮಿಕ ಶಾಲಾ ಪಠ್ಯಕ್ರಮಕ್ಕೆ ಒಗ್ಗಿಸಿಕೊಂಡಿತು. ಸಾಲಾಗಿ ನಿಲ್ಲುವುದು, ಎಣಿಕೆಗೆ ಸರಿಯಾಗಿ ಕೈ ಎತ್ತುವುದು, ಆಜ್ಞೆಗೆ ತಿರುಗುವುದು ಅದರ ಗುರುತು. ಇಲ್ಲಿನ ಡ್ರಿಲ್ ಮಾಸ್ತರರ ‘ಸಾವಧಾನ್, ವಿಶ್ರಾಮ್’ಗಳೂ ಇದೇ ಬಗೆಯವು. ಆಗ ನವಲಗುಂದ, ಕಲಘಟಗಿ ಮುಂಬಯಿ ಪ್ರಾಂತದಲ್ಲಿದ್ದವು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು.

ಈ ಕವಾಯತಿಗೆ ದೇಶಸೇವೆಯ ಅರ್ಥ ಕೊಟ್ಟವರು ಡಾ. ನಾ. ಸು. ಹರ್ಡೀಕರರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹುಟ್ಟಿದ ಹಿಂದುಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರವಾಯಿತು. ಶಿಸ್ತಿನ ಮೈಕಟ್ಟು ಸರ್ಕಾರದ ಸೊತ್ತಲ್ಲ, ನಮ್ಮದೂ ಹೌದು ಎಂಬ ಭಾವ ಈ ಭಾಗದಲ್ಲಿ ಬೇರೂರಿತು. ಇನ್ನೊಂದು ಕಡೆ ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಹೊರಬಂತು. ಮುಂಬಯಿ ಸರ್ಕಾರ 1937ರಲ್ಲಿ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ವ್ಯಾಯಾಮ ಶಿಕ್ಷಣ ಸಮಿತಿ ನೇಮಿಸಿ, ಮರುವರ್ಷ ಕಾಂದಿವಲಿಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ತೆರೆಯಿತು. ಆಸನ, ದೇಶಿ ಆಟ, ಕವಾಯತು ಒಂದೇ ಪಾಠದೊಳಗೆ ಸೇರುವ ದಾರಿ ಆಗ ತೆರೆಯಿತು.

ಸ್ವಾತಂತ್ರ್ಯದ ನಂತರವೂ ಸಾಮೂಹಿಕ ಕವಾಯತಿಗೇ ಮನ್ನಣೆ. ಲೇಜಿಮು, ಡಂಬೆಲ್ಸ್, ಆಗಸ್ಟ್ ಹದಿನೈದರ ಪ್ರದರ್ಶನ ನೋಡಲು ಚೆಂದ, ನಿಜ. ಆದರೆ ಆ ಸಾಲಿನಲ್ಲಿ ಎಡವುವ ಮಗುವನ್ನು ಹಿಂದಿನ ಸಾಲಿಗೆ ಸರಿಸಲಾಗುತ್ತಿತ್ತು; ಕಲಿಸಬೇಕಾಗಿದ್ದದ್ದೇ ಆ ಮಗುವಿಗೆ.

ವಿಚಾರ ಬದಲಾದದ್ದು ಬೇರೆಡೆ. ರುಡಾಲ್ಫ್ ಲಾಬನ್ ಇಂಗ್ಲೆಂಡಿನಲ್ಲಿ ದೇಹ, ಸ್ಥಳ, ಬಲಗಳ ಲೆಕ್ಕದಲ್ಲಿ ಚಲನೆಯನ್ನು ಬಿಡಿಸಿ ತೋರಿಸಿದರು. ಅಮೆರಿಕದ ಡೇವಿಡ್ ಗ್ಯಾಲಹ್ಯೂ ಮಕ್ಕಳ ಚಲನೆ ಹಂತಹಂತವಾಗಿ ಬಲಿಯುವ ಬಗೆಯನ್ನು ವಿವರಿಸಿದರು. ಓಟ, ಜಿಗಿತದಂತಹ ಸಾಗುವ ಚಲನೆ. ಬಾಗು, ತಿರುಗು, ಸಮತೋಲದಂತಹ ನಿಂತಲ್ಲಿನ ಚಲನೆ. ಎಸೆ, ಹಿಡಿ, ಒದೆಯಂತಹ ವಸ್ತು ಬಳಸುವ ಚಲನೆ: ಇವು ಇಂದಿನ ಪಾಠದ ಮೂರು ಕವಲು.

ಹಾರುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ, ಇಳಿಯುವುದನ್ನು ಕಲಿಸಬೇಕು. ಮೊದಲು ಮುಂಗಾಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡಿ; ಮೊಣಕಾಲು ಮಡಚಬೇಕು, ಕೈ ಮುಂದೆ ಚಾಚಬೇಕು. ಕಾಲು ಸೆಟೆದು ಇಳಿದರೆ ಪೆಟ್ಟು ನೇರವಾಗಿ ಮೊಣಕಾಲಿಗೆ, ಬೆನ್ನಿಗೆ. ಚೆಂಡು ಎಸೆಯುವಾಗಲೂ ಅಷ್ಟೆ: ಬಲಗೈಯಿಂದ ಎಸೆಯುವ ಮಗು ಬಲಗಾಲನ್ನೇ ಮುಂದಿಟ್ಟರೆ ಸೊಂಟ ತಿರುಗುವುದಿಲ್ಲ. ನೆಲದ ಮೇಲೆ ಎಡಗಾಲಿಗೊಂದು ಸುಣ್ಣದ ಗುರುತು ಹಾಕಿದರೆ ಸಾಕು.

ನಮ್ಮ ಆಟಗಳಲ್ಲಿ ಇದೆಲ್ಲ ಮೊದಲೇ ಇತ್ತು. ಕುಂಟಲಿಪಿ ಆಡುವ ಹುಡುಗಿ ಒಂಟಿ ಕಾಲಲ್ಲೇ ಬಾಗಿ ಹಂಚಿನ ಚೂರು ಎತ್ತುತ್ತಾಳೆ. ಖೇಲೋ ಇಂಡಿಯಾ ಪರೀಕ್ಷೆ ಐದರಿಂದ ಎಂಟು ವರ್ಷದವರಿಂದ ಕೇಳುವ ಒಂಟಿ ಕಾಲಿನ ಸಮತೋಲಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಗಿಡಮಂಗನಾಟ, ಲಗೋರಿ, ಖೋ-ಖೋಗಳಲ್ಲೂ ಹತ್ತುವುದು, ಗುರಿಯಿಡುವುದು, ತಟ್ಟನೆ ದಿಕ್ಕು ಬದಲಿಸುವುದು ಇದ್ದೇ ಇವೆ.

ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಹಾಡು, ಕುಣಿತವನ್ನು ತರಗತಿಯೊಳಕ್ಕೆ ತಂದಿತು. 2005ರ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿವರೆಗೆ ಕಡ್ಡಾಯ ವಿಷಯವೆಂದಿತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಎಲ್ಲ ಶಾಲೆಗೂ ಬೇಕೆಂದರೂ, ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ಕೇಳುವುದು ಆರರಿಂದ ಎಂಟನೆಯ ತರಗತಿಗೆ, ಅದೂ ಮಕ್ಕಳು ನೂರು ದಾಟಿದರೆ. ಚಲನೆಯ ಬುನಾದಿ ಬೀಳುವ ವಯಸ್ಸು ಅದಕ್ಕೂ ಮೊದಲಿನದು. ಹಾಗಾಗಿ ಐವತ್ತು-ಅರವತ್ತು ಮಕ್ಕಳ ಕಿರಿಯ ಶಾಲೆಯಲ್ಲಿ ಕನ್ನಡ, ಲೆಕ್ಕ ಕಲಿಸುವ ಅಕ್ಕೋರೇ ಪಿ.ಟಿ.ಯನ್ನೂ ತೆಗೆದುಕೊಳ್ಳಬೇಕು.

ನೆಲದ ತೊಡಕು ಬೇರೆ. ನವಲಗುಂದ, ಅಣ್ಣಿಗೇರಿಯ ಎರೆಮಣ್ಣು ಮಳೆಗೆ ಅಂಟಾಗುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅಂಗಳದ ಒಂದು ಮೂಲೆಗಾದರೂ ಗರಸು ಹಾಕಿಸುವುದು ಪಂಚಾಯಿತಿಗೆ ಭಾರದ ಕೆಲಸವಲ್ಲ. ಮಲೆನಾಡ ಸೆರಗಿನ ಕಲಘಟಗಿಯಲ್ಲಿ ಮಳೆಗಾಲದ ಪಾಠ ಶಾಲೆಯ ಪಡಸಾಲೆಯಲ್ಲೇ ನಡೆಯಬೇಕು. ಬಂಡೆಗಳ ಸಂದಿನ ಗೆರೆ ಹಿಡಿದು ನಡೆಯುವುದು, ನಿಂತಲ್ಲೇ ಜಿಗಿದು ಇಳಿಯುವುದಕ್ಕೆ ಅಷ್ಟು ಜಾಗ ಸಾಲುತ್ತದೆ. ಅಕ್ಕೋರಿಗೆ ಇದನ್ನು ತರಬೇತಿಯಲ್ಲಿ ಕಾಗದದ ಮೇಲೆ ಹೇಳಿದರಾಗದು. ಅವರೇ ಜಿಗಿದು, ಇಳಿದು, ಎಸೆದು ಕಲಿತು ಬರಬೇಕು.