ಜ್ಯೂರಿಯ ಕಾನೂನು ನಿರಾಕರಣೆ: ಕೊಲ್ಹಾಪುರ ಮತ್ತು ಮುಂಬಯಿ ಪ್ರಾಂತ

ಸಾಕ್ಷ್ಯದಿಂದ ಆರೋಪ ರುಜುವಾತಾಗಿದ್ದರೂ, ಕಾನೂನೇ ಅನ್ಯಾಯದ್ದೆಂದು ಬಗೆದು ಜ್ಯೂರಿಯು, ಅಂದರೆ ಸಾರ್ವಜನಿಕರಿಂದ ಆಯ್ದ ನಿರ್ಣಾಯಕರ ಮಂಡಳಿಯು, ಆರೋಪಿಯನ್ನು ನಿರ್ದೋಷಿಯೆಂದು ಸಾರುವುದಕ್ಕೆ ಜ್ಯೂರಿಯ ಕಾನೂನು ನಿರಾಕರಣೆ ಎಂದು ಹೆಸರು. 1670ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪೆನ್‌ನನ್ನು ದೋಷಿಯೆನ್ನಲೊಪ್ಪದೆ ಸೆರೆಯಾದ ಜ್ಯೂರಿ ಸದಸ್ಯ ಎಡ್ವರ್ಡ್ ಬುಶೆಲ್‌ನ ಮೊಕದ್ದಮೆಯಲ್ಲಿ, ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸಲಾಗದೆಂಬ ತತ್ತ್ವ ನೆಲೆಗೊಂಡಿತು.

ಭಾರತದಲ್ಲಿ ಈ ತತ್ತ್ವ ಮೊಟಕಾಗಿಯೇ ಬಂತು. ಸರ್ಕಾರ ಆಯ್ದ ಜಿಲ್ಲೆಗಳ ಸೆಷನ್ಸ್ ಕೋರ್ಟುಗಳಿಗೆ 1861ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ತಂದರೂ, ಅದರ ನಿರ್ಣಯವನ್ನು ಒಪ್ಪದ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಬಹುದೆಂದು 1872ರ ಸಂಹಿತೆ ವಿಧಿಸಿತು. ಹೀಗಾಗಿ ಜ್ಯೂರಿಯ ಬಿಡುಗಡೆಯ ಮಾತು ಇಲ್ಲಿ ಕೊನೆಯ ಮಾತಾಗಲಿಲ್ಲ. ಜ್ಯೂರಿಯಿಲ್ಲದ ಜಿಲ್ಲೆಗಳಲ್ಲಿ ಅಸೆಸರುಗಳೆಂಬ ಸಲಹೆಗಾರರು ಕುಳಿತಿರುತ್ತಿದ್ದರು, ಆದರೆ ಅವರ ಅಭಿಪ್ರಾಯಕ್ಕೆ ನ್ಯಾಯಾಧೀಶರು ಬದ್ಧರಾಗಿರಲಿಲ್ಲ.

ಇಚಲಕರಂಜಿಯ ಜಹಗೀರನ್ನೂ ಕನ್ನಡಿಗರೂ ಇರುವ ಗಡಹಿಂಗ್ಲಜ್ ಭಾಗವನ್ನೂ ಒಳಗೊಂಡಿದ್ದ ಕೊಲ್ಹಾಪುರ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ತನ್ನದೇ ನ್ಯಾಯಾಲಯಗಳನ್ನು ಹೊಂದಿತ್ತು. ಆದರೂ ಇಲ್ಲಿನ ಅರಮನೆಯ ಜಗಳ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದ್ದುಂಟು: ದಿವಾನ ಮಾಧವರಾವ್ ಬರ್ವೆ ಯುವ ಮಹಾರಾಜರನ್ನು ಪೀಡಿಸುತ್ತಿದ್ದಾರೆಂದು ಬರೆದ ಬಾಲ ಗಂಗಾಧರ ಟಿಳಕ್ ಮತ್ತು ಗೋಪಾಳ ಗಣೇಶ ಆಗರಕರ್ 1882ರಲ್ಲಿ ಮಾನಹಾನಿಗಾಗಿ ನಾಲ್ಕು ತಿಂಗಳ ಸಜೆ ಪಡೆದು ಡೋಂಗ್ರಿ ಸೆರೆಮನೆ ಸೇರಿದರು. ಅವರು ಆಧರಿಸಿದ್ದ ಪತ್ರಗಳು ನಕಲಿಯಾಗಿದ್ದುದರಿಂದ ಅಲ್ಲಿ ಕಾನೂನಿನ ನ್ಯಾಯಾನ್ಯಾಯದ ಪ್ರಶ್ನೆ ಏಳಲಿಲ್ಲ.

ಆ ಪ್ರಶ್ನೆ ನಿಜವಾಗಿ ಎದ್ದದ್ದು ಟಿಳಕರ ಮೇಲಿನ ರಾಜದ್ರೋಹದ ಮೊಕದ್ದಮೆಗಳಲ್ಲಿ. 1897ರಲ್ಲಿ ಒಂಬತ್ತು ಮಂದಿಯ ಜ್ಯೂರಿಯ ಆರು ಯುರೋಪಿಯನ್ನರು ದೋಷಿಯೆಂದರು, ಮೂವರು ಭಾರತೀಯರು ನಿರ್ದೋಷಿಯೆಂದರು. ಆರು ಮತಗಳಿಗೆ ನ್ಯಾಯಾಧೀಶರ ಸಮ್ಮತಿ ಸೇರಿದರೆ ಸಾಕೆಂಬ ನಿಯಮದಿಂದ ಹದಿನೆಂಟು ತಿಂಗಳ ಶಿಕ್ಷೆಯಾಯಿತು. 1908ರಲ್ಲಿ ಏಳು ಮತ ವಿರುದ್ಧವಾಗಿ, ಎರಡು ಪರವಾಗಿ ಬಿದ್ದು ಆರು ವರ್ಷಗಳ ಗಡಿಪಾರಾಯಿತು. ಮರಾಠಿ ಲೇಖನಗಳ ಧಾಟಿಯನ್ನು ಆ ಭಾಷೆ ಬಾರದವರು ಅನುವಾದದ ಮೂಲಕ ಅಳೆದದ್ದೇ ಈ ವಿಚಾರಣೆಗಳ ದೊಡ್ಡ ಕೊರತೆ. ಜ್ಯೂರಿ ಕಾರಣ ಹೇಳಬೇಕಿಲ್ಲವಾದ್ದರಿಂದ, ಭಿನ್ನಮತದವರು ಕಾನೂನನ್ನೇ ತಿರಸ್ಕರಿಸಿದರೋ ಲೇಖನಗಳಲ್ಲಿ ದ್ರೋಹ ಕಾಣಲಿಲ್ಲವೋ ನಿರ್ಧರಿಸುವಂತಿಲ್ಲ.

1959ರಲ್ಲಿ ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಜ್ಯೂರಿ 8–1ರಿಂದ ನಿರ್ದೋಷಿಯೆಂದಿತು. ಇದನ್ನು ಕಾನೂನು ನಿರಾಕರಣೆಯ ಮಾದರಿಯೆಂದು ಹೇಳುವುದು ರೂಢಿ. ಆದರೆ ಆರೋಪಿಯ ವಾದವೇ ಗುಂಡು ಆಕಸ್ಮಿಕವಾಗಿ ಹಾರಿತೆಂಬುದಾಗಿತ್ತು, ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ನಿರ್ದೇಶನಗಳಲ್ಲಿ ಹೈಕೋರ್ಟು ದೋಷಗಳನ್ನು ಕಂಡಿತ್ತು. ನ್ಯಾಯಾಧೀಶರು ಕಳಿಸಿದ ಪ್ರಕರಣದಲ್ಲಿ ಹೈಕೋರ್ಟು ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1961ರ ನವೆಂಬರ್ 24ರಂದು ಎತ್ತಿಹಿಡಿಯಿತು. ಜ್ಯೂರಿ ಕೈಬಿಡಲು ಇದೇ ಕಾರಣವೆಂಬ ಮಾತೂ ಪೂರ್ಣ ಸರಿಯಲ್ಲ, ಏಕೆಂದರೆ ಕಾನೂನು ಆಯೋಗ 1958ರಲ್ಲೇ ಹಾಗೆ ಸಲಹೆ ಮಾಡಿತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿರಲಿಲ್ಲ. ಪಾರ್ಸಿ ವಿವಾಹ ವ್ಯಾಜ್ಯಗಳಲ್ಲಿ ಸಮುದಾಯದ ಪ್ರತಿನಿಧಿಗಳು ಕುಳಿತುಕೊಳ್ಳುವ ಪದ್ಧತಿಯಷ್ಟೇ ಉಳಿಯಿತು.