ಹಡಗು ಪ್ರವಾಸ (ಕ್ರೂಸ್): ಜೈನ ಕುಟುಂಬಗಳು ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ಹಲವು ಕುಟುಂಬಗಳು ಕ್ರೂಸ್ ಪ್ರವಾಸಕ್ಕೆ ಹೋಗಿ ಬರುತ್ತಿವೆ. ಮಕ್ಕಳ ರಜೆ, ತಂದೆ ತಾಯಿಯರ ವಿವಾಹದ ಸುವರ್ಣ ಮಹೋತ್ಸವ, ಅಣ್ಣ ತಮ್ಮಂದಿರ ಮನೆಯವರೆಲ್ಲ ಒಟ್ಟಿಗೆ ಸೇರುವ ಆಸೆ, ಹೀಗೆ ಕಾರಣಗಳು ಬೇರೆ ಬೇರೆ. ಹಿರಿಯರು ಮಾತ್ರ "ಸಮುದ್ರದ ನಡುವೆ ನಮ್ಮ ಊಟದ ಗತಿಯೇನು?" ಎಂದು ಕೇಳಿ ಹಿಂಜರಿಯುತ್ತಾರೆ. ಅವರ ಪ್ರಶ್ನೆ ಸರಿಯಾದದ್ದೇ. ಊರಿನಲ್ಲಾದರೆ ಒಂದು ಹೋಟೆಲ್ ಹಿಡಿಸದಿದ್ದರೆ ಎದ್ದು ಇನ್ನೊಂದಕ್ಕೆ ಹೋಗಬಹುದು. ಹಡಗಿನಲ್ಲಿ ಆ ದಾರಿ ಇಲ್ಲ. ಆದ್ದರಿಂದ ಕೇಳಬೇಕಾದ್ದನ್ನೆಲ್ಲ ಹಣ ಕಟ್ಟುವ ಮೊದಲೇ ಕೇಳಬೇಕು.

ಯಾತ್ರಾ ಸಂಘದ ಸೇವೆಯಲ್ಲಿ ಹಿರಿಯರನ್ನು ಕರೆದುಕೊಂಡು ಓಡಾಡಿದ ಅನುಭವದಿಂದ, ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ.

1. ಎಲ್ಲಿಂದ ಹೊರಡಬಹುದು?

ಮೊದಲ ಸಲ ಹೋಗುವವರಿಗೆ ಎರಡು ದಾರಿಗಳು ಅನುಕೂಲ.

ಮುಂಬೈನಿಂದ: ಕಾರ್ಡೆಲಿಯಾ ಕ್ರೂಸಸ್ ಸಂಸ್ಥೆ 2021ರ ಸೆಪ್ಟೆಂಬರ್‌ನಿಂದ 'ಎಂಪ್ರೆಸ್' ಎಂಬ ಹಡಗನ್ನು ನಡೆಸುತ್ತಿದೆ. 11 ಅಂತಸ್ತು, 796 ಕೋಣೆಗಳ ಈ ಹಡಗು ಗೋವಾ, ಲಕ್ಷದ್ವೀಪ, ಕೊಚ್ಚಿ ಮೊದಲಾದ ಕಡೆಗೆ ಎರಡು ರಾತ್ರಿಯಿಂದ ಐದು ರಾತ್ರಿಯವರೆಗಿನ ಪ್ರವಾಸಗಳನ್ನು ಮಾಡಿದೆ. ಪಾಸ್‌ಪೋರ್ಟ್, ವೀಸಾ ಗೊಡವೆ ಇಲ್ಲ. ಪ್ರಯಾಣಿಕರು ಹೆಚ್ಚಾಗಿ ಭಾರತೀಯರೇ ಆದ್ದರಿಂದ ಜೈನ ಊಟ ಎಂದರೆ ಏನೆಂದು ಸಿಬ್ಬಂದಿಗೆ ವಿವರಿಸಿ ಹೇಳಬೇಕಾಗಿಲ್ಲ.

ಸಿಂಗಾಪುರದಿಂದ: ಇಲ್ಲಿಂದ ಮಲೇಷ್ಯಾ, ಥಾಯ್ಲೆಂಡ್ ಕಡೆಗೆ ಮೂರು, ನಾಲ್ಕು ರಾತ್ರಿಗಳ ಪ್ರವಾಸಗಳಿವೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಹಡಗುಗಳು ಬಹಳ ದೊಡ್ಡವು. ಖರ್ಚು ಹೆಚ್ಚು, ಕಾಗದಪತ್ರವೂ ಹೆಚ್ಚು.

ಮೊದಲ ಬಾರಿಗೆ ಎರಡು ಮೂರು ರಾತ್ರಿಯ ಪ್ರವಾಸ ಸಾಕು. ಮನೆಯ ಹಿರಿಯರಿಗೆ ಸಮುದ್ರ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

2. ಯಾವ ತಿಂಗಳು ಒಳ್ಳೆಯದು?

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಸಮುದ್ರ ಒರಟು. ಆ ತಿಂಗಳುಗಳಲ್ಲಿ ಹಡಗು ಚೆನ್ನೈ ಕಡೆಗೆ ಹೋದದ್ದೂ ಉಂಟು. ನಮಗೂ ಅದು ಚಾತುರ್ಮಾಸದ ಕಾಲ. ಪರ್ಯೂಷಣ, ದಶಲಕ್ಷಣ ಪರ್ವಗಳು ಬರುವುದೂ ಅದರೊಳಗೇ. ಹಾಗಾಗಿ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ ಅವಧಿ ಎರಡೂ ದೃಷ್ಟಿಯಿಂದ ಸೂಕ್ತ. ಟಿಕೆಟ್ ಮಾಡಿಸುವಾಗ ಪಂಚಾಂಗ ತೆರೆದು ಅಷ್ಟಮಿ, ಚತುರ್ದಶಿಗಳನ್ನೂ ನೋಡಿಕೊಳ್ಳಿ. ಮನೆಯಲ್ಲಿ ಉಪವಾಸ, ಏಕಾಶನ ಮಾಡುವವರಿದ್ದರೆ ಹಡಗಿನಲ್ಲಿ ಕಷ್ಟವಾಗಬಾರದು.

3. ಊಟದ ವಿಷಯ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು, ಹೊರದೇಶದ ಹಡಗುಗಳಲ್ಲಿ "ವೆಜಿಟೇರಿಯನ್" ಎಂದರೆ ನಮ್ಮ ಅರ್ಥದ ಸಸ್ಯಾಹಾರ ಅಲ್ಲದಿರಬಹುದು. ಕೇಕ್, ಪಾಸ್ತಾಗಳಲ್ಲಿ ಮೊಟ್ಟೆ, ಸೂಪಿನಲ್ಲಿ ಮಾಂಸ ಬೇಯಿಸಿದ ನೀರು, ಜೆಲ್ಲಿ ಮತ್ತು ಪುಡಿಂಗ್‌ಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಇರುತ್ತವೆ. "ಇಂಡಿಯನ್ ವೆಜ್" ಎಂದರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇದ್ದೇ ಇರುತ್ತವೆ. ಆದ್ದರಿಂದ "ಜೈನ್ ಮೀಲ್" ಎಂಬ ಎರಡು ಪದಗಳಿಗೆ ನಿಲ್ಲಿಸದೆ ಏನೇನು ಬೇಡ ಎಂಬ ಪಟ್ಟಿ ಕೊಡಿ: ಮಾಂಸ, ಮೀನು, ಮೊಟ್ಟೆ, ಜೆಲಾಟಿನ್, ಜೇನುತುಪ್ಪ, ಅಣಬೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗೆಣಸು, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ. ಯಾವುದು ಆಗುತ್ತದೆ ಎಂಬುದನ್ನೂ ಬರೆಯಿರಿ: ಅನ್ನ, ಬೇಳೆ, ರೊಟ್ಟಿ, ಹಾಲು, ಮೊಸರು, ಟೊಮೆಟೊ, ಎಲೆಕೋಸು, ಬಾಳೆಕಾಯಿ, ಹಣ್ಣುಗಳು. ಅಡುಗೆಯವರಿಗೆ ಇದರಿಂದ ಬಹಳ ಅನುಕೂಲ.

ಎರಡನೆಯದು, ಈ ಪಟ್ಟಿಯನ್ನು ಟಿಕೆಟ್ ಮಾಡಿಸುವಾಗಲೇ ಈಮೇಲ್ ಮೂಲಕ ಕೊಟ್ಟು ಉತ್ತರ ಪಡೆಯಿರಿ. ಏಜೆಂಟ್ ಬಾಯಲ್ಲಿ "ಎಲ್ಲಾ ವ್ಯವಸ್ಥೆ ಇದೆ" ಎಂದರೆ ಅದು ಲೆಕ್ಕಕ್ಕಿಲ್ಲ. ಹೊರಡುವ ಒಂದು ತಿಂಗಳು ಮೊದಲು ಮತ್ತೊಮ್ಮೆ ನೆನಪಿಸಿ. ಆ ಈಮೇಲ್‌ನ ಮುದ್ರಿತ ಪ್ರತಿ ಕೈಯಲ್ಲಿರಲಿ. ಹಡಗು ಹತ್ತಿದ ಕೂಡಲೇ ಈಜುಕೊಳ ನೋಡಲು ಹೋಗದೆ ಮೊದಲು ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಪ್ರತಿ ತೋರಿಸಿ. ಪ್ರತಿ ರಾತ್ರಿ ಮರುದಿನದ ಊಟವನ್ನು ಹೇಳಿಟ್ಟರೆ ಅವರು ಬೇರೆಯಾಗಿ ಮಾಡಿಕೊಡುತ್ತಾರೆ. ಬಫೆಯಲ್ಲಿ ಒಂದೇ ಚಮಚ ಹತ್ತು ಪಾತ್ರೆಗೆ ಹೋಗುತ್ತದೆ. ಆದ್ದರಿಂದ ಮೇಜಿಗೆ ಬಡಿಸುವ ಊಟದ ಹಾಲೇ ಮೇಲು.

ಮೂರನೆಯದು, ಸೂರ್ಯಾಸ್ತಕ್ಕೆ ಮುನ್ನ ಊಟ. ಮುಂಬೈನಲ್ಲಿ ನವೆಂಬರ್ ಕೊನೆ, ಡಿಸೆಂಬರ್ ಆರಂಭದಲ್ಲಿ ಸಂಜೆ 6ಕ್ಕೇ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ 7 ದಾಟುತ್ತದೆ. ಸಿಂಗಾಪುರ ಭೂಮಧ್ಯರೇಖೆಯ ಹತ್ತಿರವಿರುವುದರಿಂದ ವರ್ಷವಿಡೀ ಸುಮಾರು 7ಕ್ಕೆ ಸೂರ್ಯಾಸ್ತ. ದೊಡ್ಡ ಹಡಗುಗಳಲ್ಲಿ ರಾತ್ರಿ ಊಟಕ್ಕೆ ಎರಡು ಸರದಿಗಳಿರುವುದು ಸಾಮಾನ್ಯ. ಟಿಕೆಟ್ ಮಾಡಿಸುವಾಗಲೇ ಮೊದಲ ಸರದಿಯನ್ನು ಕೇಳಿ ಪಡೆಯಿರಿ. ಮೊದಲ ಸರದಿಯೂ ತಡವಾದರೆ ಸಂಜೆ 5ರ ಹೊತ್ತಿಗೆ ತಟ್ಟೆ ಸಿದ್ಧಪಡಿಸಿ ಕೊಡುವಂತೆ ಹಿಂದಿನ ದಿನವೇ ಹೇಳಿಡಬೇಕು. ಅಲಾಸ್ಕಾ ಕಡೆಗೆ ಜೂನ್‌ನಲ್ಲಿ ರಾತ್ರಿ 10ರ ಹೊತ್ತಿಗೆ ಸೂರ್ಯಾಸ್ತ. ನಾರ್ವೆಯ ಉತ್ತರ ತುದಿಯಲ್ಲಿ ಆ ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಅಂಥ ಕಡೆ ಹೋಗುವ ನಿಯಮಧಾರಿಗಳು ಹೊರಡುವ ಮುನ್ನ ಗುರುಗಳಲ್ಲಿ ಕೇಳಿಕೊಂಡು ಹೋಗುವುದು ಉಚಿತ.

ನಾಲ್ಕನೆಯದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಹಡಗಿನ ಅಡುಗೆಮನೆ ಸಾಮಾನ್ಯವಾಗಿ ಒಂದೇ. ಪಾತ್ರೆ ಬೇರೆ ಇರಬಹುದು, ಸೂರು ಬೇರೆ ಅಲ್ಲ. ಹಡಗಿನಲ್ಲಿ ಮದ್ಯದ ಅಂಗಡಿ, ಕ್ಯಾಸಿನೊ ಕೂಡ ಇರುತ್ತವೆ. ಸೋಸಿದ ನೀರು, ಶೋಧದ ಊಟ ಎಂದು ಕಟ್ಟುನಿಟ್ಟಾಗಿ ನಡೆಯುವ ವ್ರತಿಕರಿಗೆ ಇದು ಒಪ್ಪಿಗೆಯಾಗದಿದ್ದರೆ ಮಕ್ಕಳು ಒತ್ತಾಯ ಮಾಡಬಾರದು. "ಎರಡು ದಿನ ಹೊಂದಿಕೊಳ್ಳಮ್ಮ" ಎಂದು ಕರೆದುಕೊಂಡು ಹೋಗಿ, ಆಕೆ ಬರೀ ಹಣ್ಣು ತಿಂದು ಕುಳಿತರೆ ಯಾರಿಗೂ ಸಂತೋಷವಿಲ್ಲ. ಅವರಿಗಾಗಿ ಬೇರೆ ಯಾತ್ರೆ ಮಾಡಿಸಿ.

ಮನೆಯಿಂದ ಏನು ಒಯ್ಯಬಹುದು? ಮನೆಯಲ್ಲಿ ಮಾಡಿದ ತಿಂಡಿಗೆ ಹೆಚ್ಚಿನ ಹಡಗುಗಳಲ್ಲಿ ಅನುಮತಿ ಇಲ್ಲ. ಕಾರ್ಖಾನೆಯಲ್ಲಿ ಸೀಲ್ ಮಾಡಿದ ಖಾಕ್ರಾ, ಒಣ ತಿಂಡಿ, ಒಣಹಣ್ಣುಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಕಂಪನಿಯ ನಿಯಮ ಓದಿಕೊಳ್ಳಿ. ಸಿಂಗಾಪುರಕ್ಕೆ ಹೋಗುವವರು ಒಂದು ಮಾತು ನೆನಪಿಡಬೇಕು: ಅಲ್ಲಿ ಗಸಗಸೆ ನಿಷಿದ್ಧ ವಸ್ತು. ಗಸಗಸೆ ಹಾಕಿದ ಮಸಾಲೆ ಪುಡಿ, ಸಿಹಿತಿಂಡಿ ಒಯ್ಯಬೇಡಿ. ಚ್ಯೂಯಿಂಗ್ ಗಮ್, ಗುಟ್ಕಾ ಕೂಡ ಬೇಡ.

4. ಕೋಣೆಯ ಆಯ್ಕೆ

ಕಿಟಕಿ ಇಲ್ಲದ ಒಳಕೋಣೆ ಅಗ್ಗ, ಕಿಟಕಿಯದು ಸ್ವಲ್ಪ ದುಬಾರಿ, ಬಾಲ್ಕನಿಯದು ಇನ್ನೂ ದುಬಾರಿ. ಹಿರಿಯರಿಗೆ ಕಿಟಕಿ ಇರುವ ಕೋಣೆ ಒಳ್ಳೆಯದು. ಹೊತ್ತು ಎಷ್ಟಾಯಿತು, ಸೂರ್ಯ ಎಲ್ಲಿದ್ದಾನೆ ಎಂಬುದು ತಿಳಿಯುತ್ತದೆ. ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆಗಳಲ್ಲಿ ಓಲಾಟ ಕಡಿಮೆ. ಲಿಫ್ಟಿಗೆ ಹತ್ತಿರದ ಕೋಣೆ ಕೇಳಿ, ಹಡಗಿನ ಓಣಿಗಳು ಬಹಳ ಉದ್ದ.

ಕೋಣೆಯೊಳಗೆ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಕುಕ್ಕರ್ ಒಯ್ದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಜಪ, ಸಾಮಾಯಿಕಕ್ಕೆ ಅಡ್ಡಿ ಇಲ್ಲ. ಬೆಳಿಗ್ಗೆ ಮೇಲಿನ ಡೆಕ್‌ನಲ್ಲಿ ಜನ ಕಡಿಮೆ, ಅಲ್ಲಿಗಿಂತ ಶಾಂತವಾದ ಜಾಗ ಸಿಗಲಾರದು. ಬಿಸಿನೀರು ಬೇಕಾದವರು ಕೋಣೆಯ ಸಿಬ್ಬಂದಿಗೆ ಹೇಳಿದರೆ ತಂದುಕೊಡುತ್ತಾರೆ.

5. ಖರ್ಚಿನ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಪೂರ್ತಿ ದರವಲ್ಲ. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಸೇರುತ್ತವೆ. ಟಿಪ್ಸ್ ಎಂದರೆ ಹೊರದೇಶದ ಹಡಗಿನಲ್ಲಿ ಇಷ್ಟಪಟ್ಟು ಕೊಡುವ ಹಣವಲ್ಲ. ತಲೆಗೆ, ದಿನಕ್ಕೆ ಇಷ್ಟೆಂದು ಬಿಲ್ಲಿಗೆ ಸೇರಿಸುತ್ತಾರೆ. ಉದಾಹರಣೆಗೆ ದಿನಕ್ಕೆ ತಲೆಗೆ 20 ಡಾಲರ್ ಎಂದಿಟ್ಟುಕೊಂಡರೆ ನಾಲ್ಕು ಜನಕ್ಕೆ ಮೂರು ರಾತ್ರಿಗೆ 240 ಡಾಲರ್. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕೋಣೆಯ ಕಾರ್ಡ್‌ನಲ್ಲೇ ಎಲ್ಲ ವ್ಯವಹಾರ. ಮಕ್ಕಳ ಕಾರ್ಡ್‌ಗೆ ಖರೀದಿಯ ಸೌಲಭ್ಯ ಬೇಡವೆಂದು ಮೊದಲ ದಿನವೇ ಹೇಳಿ. ಪ್ರತಿ ದಿನ ಬಿಲ್ಲು ನೋಡಿ, ಇಳಿಯುವ ಹಿಂದಿನ ರಾತ್ರಿ ಪೂರ್ತಿ ಬಿಲ್ಲು ತೆಗೆಸಿ ತಾಳೆ ಹಾಕಿ. ಇಳಿದ ಮೇಲೆ ತಕರಾರು ಮಾಡುವುದು ಕಷ್ಟ.

ಮೊಬೈಲ್ ಫೋನನ್ನು ಹಡಗು ಬಿಡುವ ಮುನ್ನವೇ ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ಭಾರೀ ಬಿಲ್ಲು ಬರುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಅಲ್ಲಿಗೆ ಅನ್ವಯಿಸದಿರಬಹುದು.

ವಿದೇಶ ಪ್ಯಾಕೇಜ್ ತೆಗೆದುಕೊಂಡಾಗ ಏಜೆಂಟ್ ಟಿಸಿಎಸ್ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆ ಆಗುತ್ತದೆ. ರಸೀದಿ ಜೋಪಾನ.

6. ಕಾಗದಪತ್ರ

ದೇಶದೊಳಗಿನ ಪ್ರವಾಸಕ್ಕೆ ಆಧಾರ್‌ನಂತಹ ಫೋಟೊ ಇರುವ ಮೂಲ ಗುರುತಿನ ಚೀಟಿ ಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದನ್ನು ಯಾರು ಮಾಡಿಸುತ್ತಾರೆ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಸಿಂಗಾಪುರದ ಪ್ರವಾಸಕ್ಕೆ:
- ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.
- ಸಿಂಗಾಪುರ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶ ಇರುವಂಥದ್ದಾಗಿರಬೇಕು. ಹಡಗು ಹತ್ತಿದಾಗ ನೀವು ಸಿಂಗಾಪುರ ಬಿಟ್ಟಂತೆ, ಮರಳಿದಾಗ ಮತ್ತೆ ಪ್ರವೇಶಿಸಿದಂತೆ ಲೆಕ್ಕ.
- ಸಿಂಗಾಪುರದ ಅರೈವಲ್ ಕಾರ್ಡ್ ಅನ್ನು ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರದ ತಾಣದಲ್ಲಿ ಇದು ಉಚಿತ, ಹಣ ಕೇಳುವ ತಾಣಗಳನ್ನು ನಂಬಬೇಡಿ.
- ಹಡಗು ನಿಲ್ಲುವ ಪ್ರತಿ ದೇಶದ ವೀಸಾ ನಿಯಮವನ್ನೂ ನೋಡಿ. ನೀವು ಇಳಿಯದಿದ್ದರೂ ಕಂಪನಿ ಕೇಳಬಹುದು.
- ಸಿಂಗಾಪುರದಲ್ಲಿ ಎರಡು ಕ್ರೂಸ್ ನಿಲ್ದಾಣಗಳಿವೆ: ಮರೀನಾ ಬೇ ಮತ್ತು ಹಾರ್ಬರ್‌ಫ್ರಂಟ್. ನಿಮ್ಮದು ಯಾವುದೆಂದು ಟಿಕೆಟ್‌ನಲ್ಲಿ ನೋಡಿ ಟ್ಯಾಕ್ಸಿಯವರಿಗೆ ಹೇಳಿ.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಹೋಗಬೇಡಿ, ಹಿಂದಿನ ದಿನವೇ ತಲುಪಿ. ಮುಂಬೈಗೂ ಇದೇ ಮಾತು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಮರಳುವುದಿಲ್ಲ. ಸಿಂಗಾಪುರದಲ್ಲಿ ಉಳಿಯುವವರಿಗೆ ಲಿಟಲ್ ಇಂಡಿಯಾ ಪ್ರದೇಶದಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಸೇರಿ ಹಲವು ಸಸ್ಯಾಹಾರಿ ಹೋಟೆಲ್‌ಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದು ಹೇಳಬೇಕು. ಅಲ್ಲಿನ ಜೈನರ ಸಂಘ ಸಿಂಗಾಪುರ್ ಜೈನ್ ರಿಲಿಜಿಯಸ್ ಸೊಸೈಟಿ.

7. ಆರೋಗ್ಯ

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಶುಲ್ಕ ಬಹಳ ಹೆಚ್ಚು. ಹೊರದೇಶಕ್ಕಾದರೆ ಪ್ರವಾಸ ವಿಮೆ ಕಡ್ಡಾಯ ಎಂದೇ ತಿಳಿಯಿರಿ. ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ನೋಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ ಕೊನೆಗೆ ಹಣ ಸಿಗುವುದಿಲ್ಲ. ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಮಾತ್ರೆ, ಜೊತೆಗೆ ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಯಾಗಬಹುದು.

ಸಂಜೆ ಬೇಗ ಉಂಡು ರಾತ್ರಿಯಿಡೀ ಏನೂ ತಿನ್ನದ ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಸಮಯವನ್ನು ವೈದ್ಯರ ಬಳಿ ಮೊದಲೇ ಹೊಂದಿಸಿಕೊಳ್ಳಬೇಕು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ.

ತಲೆಸುತ್ತು, ವಾಕರಿಕೆ ಕೆಲವರಿಗೆ ಮೊದಲ ದಿನ ಬರುತ್ತದೆ. ಹೊರಗಿನ ಗಾಳಿಗೆ ಬಂದು ದೂರದ ಬಾನಂಚನ್ನು ನೋಡಬೇಕು. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಹಸಿ ಶುಂಠಿ ತಿನ್ನದವರು ಒಣಶುಂಠಿಯ ಪುಡಿಯನ್ನು ಬಿಸಿನೀರಿನಲ್ಲಿ ಕುಡಿಯಬಹುದು. ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಯಾವ ಮಾತ್ರೆ ಎಂದು ನಿಮ್ಮ ವೈದ್ಯರನ್ನೇ ಕೇಳಿ.

24 ವಾರ ತುಂಬಿದ ಗರ್ಭಿಣಿಯರನ್ನೂ 6 ತಿಂಗಳೊಳಗಿನ ಶಿಶುಗಳನ್ನೂ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

8. ಹಡಗಿನಲ್ಲಿ ಮತ್ತು ದಡದಲ್ಲಿ

ಮೊದಲ ದಿನ ಸುರಕ್ಷತಾ ತರಬೇತಿ ಇರುತ್ತದೆ. ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾನ್‌ಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ತೀರಿಕೊಂಡರು. ಅದೇ ದಿನ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ತರಬೇತಿ ಆಗಿರಲಿಲ್ಲ. ಆ ನಂತರ, 2015ರಿಂದ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತರಬೇತಿ ಕೊಡಬೇಕೆಂಬ ಅಂತಾರಾಷ್ಟ್ರೀಯ ನಿಯಮ ಬಂದಿದೆ. ನಿಮ್ಮ ಕುಟುಂಬ ಸೇರಬೇಕಾದ ಜಾಗ ಯಾವುದೆಂದು ಮಕ್ಕಳಿಗೂ ತೋರಿಸಿ.

ದಡಕ್ಕೆ ಇಳಿದಾಗ ಹಡಗಿನ ಗಡಿಯಾರವೇ ಲೆಕ್ಕ, ಫೋನಿನದಲ್ಲ. ಮರಳಬೇಕಾದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಬನ್ನಿ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮೊಣಕಾಲು ನೋವಿನವರಿಗೆ ಅದು ಕಷ್ಟ. ಹವಾಮಾನ ಕೆಟ್ಟರೆ ನಿಲ್ದಾಣವನ್ನೇ ಬಿಟ್ಟು ಮುಂದೆ ಹೋಗುವ ಹಕ್ಕು ಕಂಪನಿಗೆ ಇರುತ್ತದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ವಿಷಯ. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಇಳಿದ ಪ್ರವಾಸಿಗರು ನೋಡಲು ಹೋಗುವ ಸ್ಥಳಗಳಲ್ಲಿ 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಬಾಹುಬಲಿಯೂ ಸೇರಿವೆ. ಅವರು ಬಸದಿಯ ಹೊರಗೆ ಪಾದರಕ್ಷೆ ಬಿಟ್ಟು, ಮೌನವಾಗಿ ನೋಡಿ ಹೋಗಲಿ ಎಂದು ನಾವು ಬಯಸುತ್ತೇವೆ. ಬೇರೆಯವರ ನೆಲಕ್ಕೆ ನಾವು ಇಳಿದಾಗಲೂ ಅದೇ ಮರ್ಯಾದೆ ನಮ್ಮಿಂದ ಇರಲಿ.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

- ಜೈನ ಊಟದ ಬಗ್ಗೆ ಕಂಪನಿಯ ಈಮೇಲ್ ಉತ್ತರ, ಮುದ್ರಿತ ಪ್ರತಿ
- ಸಂಜೆಯ ಊಟದ ಮೊದಲ ಸರದಿ ಖಚಿತವಾಗಿದೆಯೇ
- ಗುರುತಿನ ಚೀಟಿ, ಪಾಸ್‌ಪೋರ್ಟ್, ವೀಸಾ ಮತ್ತು ಅವುಗಳ ನಕಲು
- ವಿಮೆಯ ಪತ್ರ, ಮಾತ್ರೆಗಳು, ವೈದ್ಯರ ಚೀಟಿ
- ಸೀಲ್ ಮಾಡಿದ ಒಣ ತಿಂಡಿ
- ಒಂದು ದಿನ ಮೊದಲೇ ತಲುಪುವ ಟಿಕೆಟ್
- ಮನೆಯಲ್ಲಿ ಉಳಿಯುವವರಿಗೆ ಹಡಗಿನ ಹೆಸರು, ಕೋಣೆ ಸಂಖ್ಯೆ, ಮರಳುವ ದಿನ

ದರ, ವೀಸಾ ನಿಯಮ, ಮಾರ್ಗಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಿ. ಮುಂಚಿತವಾಗಿ ವ್ಯವಸ್ಥೆ ಮಾಡಿಕೊಂಡರೆ ನಮ್ಮ ನಿಯಮಗಳನ್ನು ಬಿಡದೆಯೇ ಸಮುದ್ರ ಪ್ರವಾಸದ ಸಂತೋಷ ಪಡೆಯಬಹುದು.

ಜೈ ಜಿನೇಂದ್ರ.