ವಾಹನ ಸಂಖ್ಯೆಯೂ ನಾಡಿನ ಸಂಪತ್ತೂ: ಪಶ್ಚಿಮ ಬೆಂಗಳೂರಿನ ಇತಿಹಾಸದಿಂದ ಒಂದು ವಿವೇಚನೆ

ಒಂದು ಊರಿನ ಸಿರಿಯನ್ನು ಅಳೆಯಲು ಪ್ರತಿಯೊಂದು ಕಾಲವೂ ತನಗೊಪ್ಪುವ ಅಳತೆಗೋಲನ್ನು ಆರಿಸಿಕೊಂಡಿದೆ. ಕೆರೆ, ಕಣಜ, ಗೋಸಂಪತ್ತುಗಳು ಒಂದು ಕಾಲದ ಅಳತೆಗಳಾಗಿದ್ದವು. ತೊಟ್ಟಿಯ ಮನೆಯೂ ಮೈಮೇಲಿನ ಆಭರಣಗಳೂ ಮತ್ತೊಂದು ಕಾಲದವು. ಇಂದಿನ ನಗರದಲ್ಲಿ ಆ ಸ್ಥಾನವನ್ನು ಹೊಸ ಕಾರು ಪಡೆದುಕೊಂಡಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಬೀದಿಗಳಲ್ಲಿ ಮನೆಗಳ ಮುಂದೆ ಸಾಲಾಗಿ ನಿಂತ ಕಾರುಗಳನ್ನು ಕಂಡವರು, ಈ ಭಾಗದ ಜನ ಸ್ಥಿತಿವಂತರಾಗಿದ್ದಾರೆಂದು ಸಹಜವಾಗಿಯೇ ಭಾವಿಸುತ್ತಾರೆ. ಈ ಭಾವನೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಅವಶ್ಯಕ. ಏಕೆಂದರೆ ಅಳತೆಗೋಲು ತಪ್ಪಾದಲ್ಲಿ ಸಮಾಜವು ಗೌರವಿಸಬೇಕಾದವರನ್ನು ಮರೆಯುತ್ತದೆ. ಕುಟುಂಬಗಳು ಮಾಡಬಾರದ ಸಾಲವನ್ನು ಮಾಡುತ್ತವೆ.

ಪಶ್ಚಿಮ ಬೆಂಗಳೂರು ಮೂಲತಃ ದುಡಿಮೆಗಾರರ ನಗರವಾಗಿ ಬೆಳೆಯಿತು. 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಬಿನ್ನಿ ಗಿರಣಿಯು ಈ ದಿಕ್ಕಿಗೆ ಸಾವಿರಾರು ಕಾರ್ಮಿಕರನ್ನು ಸೆಳೆಯಿತು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಸ್ವಾತಂತ್ರ್ಯಾನಂತರ ಇಲ್ಲಿ ಹೊಸ ಬಡಾವಣೆಗಳನ್ನು ರಚಿಸಿತು. 1948ರಿಂದ 1950ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರವು ವಾಸಸ್ಥಾನಗಳೊಡನೆ ಕೈಗಾರಿಕಾ ಉಪನಗರವನ್ನೂ ಒಳಗೊಂಡಿತು. 1916ರಲ್ಲಿ ಪ್ರಾರಂಭವಾಗಿದ್ದ ಮೈಸೂರು ಗಂಧದ ಸಾಬೂನಿನ ಕಾರ್ಖಾನೆಯು 1957ರಲ್ಲಿ ಈ ಉಪನಗರಕ್ಕೆ ಸ್ಥಳಾಂತರಗೊಂಡಿತು.

ಆ ದಶಕಗಳಲ್ಲಿ ಈ ಬಡಾವಣೆಗಳ ಜನ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ, ಕಾರ್ಖಾನೆಯ ಬಸ್ಸಿನಲ್ಲಿ ಅಥವಾ ಕಾಲ್ನಡಿಗೆಯಲ್ಲಿ. ಕಾರು ಅಪರೂಪವಾಗಿತ್ತು. ಹಾಗೆಂದು ಅವರೆಲ್ಲರೂ ದರಿದ್ರರಾಗಿದ್ದರೆಂದು ತಿಳಿಯುವುದು ತಪ್ಪಾದೀತು. ಖಾಯಂ ನೌಕರಿ, ಭವಿಷ್ಯನಿಧಿ, ಸ್ವಂತಕ್ಕೊಂದು ಚಿಕ್ಕ ಮನೆ, ಮಕ್ಕಳ ವಿದ್ಯಾಭ್ಯಾಸ ಇವುಗಳ ಬಲದಿಂದ ಸಹಸ್ರಾರು ಕುಟುಂಬಗಳು ಒಂದೇ ತಲೆಮಾರಿನಲ್ಲಿ ಮೇಲೇರಿದವು. ಅಂದು ಕಾರುಗಳು ವಿರಳವಾಗಿದ್ದುದಕ್ಕೆ ಪರವಾನಗಿ ವ್ಯವಸ್ಥೆಯೂ ಕಾರಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಎರಡು ಮೂರು ಬಗೆಯ ಕಾರುಗಳಷ್ಟೇ ದೊರೆಯುತ್ತಿದ್ದವು. ಹಣ ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಾಗಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆಯೇ ಮಧ್ಯಮ ವರ್ಗದ ಮನಸ್ಸಿನಲ್ಲಿ ಕಾರಿನ ಕನಸು ಬೇರೂರಿತು. ಅಂದರೆ, ಅಂದಿನ ವಾಹನ ಸಂಖ್ಯೆ ತೋರಿಸುತ್ತಿದ್ದುದು ಜನರ ಸಂಪತ್ತಿಗಿಂತ ಹೆಚ್ಚಾಗಿ ಸರ್ಕಾರದ ನೀತಿಯನ್ನು.

1991ರ ಆರ್ಥಿಕ ಸುಧಾರಣೆಗಳ ತರುವಾಯ ಚಿತ್ರವು ಬದಲಾಯಿತು. ವಿದೇಶೀ ಕಂಪನಿಗಳು ಬಂದವು, ಬ್ಯಾಂಕುಗಳು ಸಾಲವನ್ನು ಸುಲಭಗೊಳಿಸಿದವು, ಗಣಕ ತಂತ್ರಜ್ಞಾನದ ಉದ್ಯೋಗಗಳು ಬೆಂಗಳೂರಿನ ಆದಾಯವನ್ನು ನಿಜವಾಗಿಯೂ ಹೆಚ್ಚಿಸಿದವು. ಕಾರ್ಮಿಕನ ಮಗಳು ತನ್ನ ದುಡಿಮೆಯಿಂದ ಕಾರು ಕೊಂಡಳೆಂದರೆ ಅದು ಸಮೃದ್ಧಿಯ ಕುರುಹೇ ಸರಿ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದೇ ಅವಧಿಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪಕ್ಕದ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ನೆಲದ ಮೇಲೆ 2010ರಲ್ಲಿ ಬೃಹತ್ ಮಾರಾಟ ಮಳಿಗೆಯೊಂದು ತೆರೆಯಿತು. ಕಾರುಗಳು ಹೆಚ್ಚಿದ ಕಾಲವೂ ಖಾಯಂ ನೌಕರಿಗಳು ಕರಗಿದ ಕಾಲವೂ ಒಂದೇ ಆಗಿದ್ದುದು ಗಮನಾರ್ಹ.

ದೇಶದ ಅಂಕಿ ಅಂಶಗಳು ಈ ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾರುಳ್ಳ ಕುಟುಂಬಗಳು ಶೇಕಡ 9ರಷ್ಟು. ನಾಗಾಲ್ಯಾಂಡ್‌ನಲ್ಲಿ ಸುಮಾರು ಶೇಕಡ 21. ತಲಾ ಆದಾಯದಲ್ಲಾದರೋ ಕರ್ನಾಟಕವು ಬಹಳ ಮುಂದಿದೆ. ಕೈಗಾರಿಕೆಯಲ್ಲಿ ಅಗ್ರಗಣ್ಯವಾದ ತಮಿಳುನಾಡಿನಲ್ಲಿ ಈ ಪ್ರಮಾಣ ಶೇಕಡ 7ನ್ನೂ ಮುಟ್ಟಲಿಲ್ಲ. ಶೇಕಡ 45ರಷ್ಟು ಕುಟುಂಬಗಳು ಕಾರು ಹೊಂದಿದ್ದ ಗೋವಾ ಶ್ರೀಮಂತ ರಾಜ್ಯವೆಂಬುದು ನಿಜ. ಆದರೆ ಬೆಟ್ಟದ ನಾಡಿನಲ್ಲಿ ರೈಲು ಬಸ್ಸುಗಳ ಅಭಾವವೂ ಕಾರನ್ನು ಅನಿವಾರ್ಯಗೊಳಿಸಬಲ್ಲದು. ಉತ್ತಮ ಬಸ್ಸುಗಳಿರುವ ನಾಡಿನಲ್ಲಿ ಅನುಕೂಲಸ್ಥನೂ ಕಾರಿಲ್ಲದೆ ಬಾಳಬಲ್ಲನು. ಸಿಂಗಪುರವು 1990ರಿಂದ ಕಾರು ಕೊಳ್ಳುವ ಹಕ್ಕಿಗೇ ಹರಾಜಿನ ಮೂಲಕ ಪ್ರತ್ಯೇಕ ಬೆಲೆಯನ್ನು ಕಟ್ಟಿಸಿಕೊಳ್ಳುತ್ತಿದೆ. ಜಗತ್ತಿನ ಸಿರಿವಂತ ನಗರಗಳಲ್ಲೊಂದಾದ ಅದು ಕಾರುಗಳ ಸಂಖ್ಯೆಯನ್ನು ಬೇಕೆಂದೇ ಮಿತಿಯಲ್ಲಿರಿಸಿದೆ.

2023ರಲ್ಲಿ ಬೆಂಗಳೂರು ಖಾಸಗಿ ಕಾರುಗಳ ಸಂಖ್ಯೆಯಲ್ಲಿ ದೆಹಲಿಯನ್ನು ಮೀರಿಸಿತೆಂಬ ವಾರ್ತೆ ಕೆಲವರಲ್ಲಿ ಹೆಮ್ಮೆಯನ್ನು ಮೂಡಿಸಿತು. ವಾಸ್ತವವಾಗಿ, 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳನ್ನೂ ನಿಷೇಧಿಸಿದ ಆಜ್ಞೆಗಳಿಂದಾಗಿ ದೆಹಲಿಯಲ್ಲಿ ಲಕ್ಷಾಂತರ ಹಳೆಯ ವಾಹನಗಳ ನೋಂದಣಿ ರದ್ದಾಗಿತ್ತು. ಒಂದು ನಗರದ ಪಟ್ಟಿ ಕಿರಿದಾದುದರಿಂದ ಇನ್ನೊಂದು ನಗರವು ಸಿರಿವಂತವಾಗದು.

ಪಶ್ಚಿಮ ಬೆಂಗಳೂರಿನ ನೋಂದಣಿ ಲೆಕ್ಕಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ರಾಜಾಜಿನಗರದ ಕಛೇರಿಯ ಕೆಎ-02, ಜ್ಞಾನಭಾರತಿ ಕಛೇರಿಯ ಕೆಎ-41 ಎಂಬ ಗುರುತುಗಳನ್ನು ಹೊತ್ತ ಕಾರುಗಳೆಲ್ಲವೂ ಕುಟುಂಬಗಳ ಸ್ವತ್ತಲ್ಲ. ಹಳದಿ ಫಲಕದ ಬಾಡಿಗೆ ಕಾರಿನ ಚಾಲಕನು ಸಾಲ ತೆತ್ತು ಹೊಟ್ಟೆ ಹೊರೆಯುವವನು. ಅವನ ಕಾರು ಅವನ ಪಾಲಿಗೆ ನೇಗಿಲಿದ್ದಂತೆ, ವೈಭವವಲ್ಲ. ಕಂಪನಿಗಳ ಹೆಸರಿನಲ್ಲಿರುವ ಕಾರುಗಳು ಬೇರೆ. ಇನ್ನೊಂದೆಡೆ, ಕರ್ನಾಟಕದ ಆಜೀವ ತೆರಿಗೆ ಅಧಿಕವೆಂದು ಬೆಲೆಬಾಳುವ ಕಾರುಗಳನ್ನು ಹೊರರಾಜ್ಯಗಳಲ್ಲಿ ನೋಂದಾಯಿಸಿದವರೂ ಉಂಟು. ಹೀಗೆ ಲೆಕ್ಕದ ಪುಸ್ತಕವು ಬಡವನ ದುಡಿಮೆಯನ್ನು ಸಿರಿಯೆಂದು ಎಣಿಸಬಹುದು, ಸಿರಿವಂತನ ಕಾರನ್ನು ಎಣಿಸದೆಯೂ ಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಸಾಲದ ವಿಚಾರ. ವಿಮೆಯ ಸಾಮಾನ್ಯ ಗಣನೆಯಂತೆ ಹೊಸ ಕಾರಿನ ಮೌಲ್ಯವು ಐದನೆಯ ವರ್ಷ ತುಂಬುವ ವೇಳೆಗೆ ಅರ್ಧಕ್ಕಿಳಿಯುತ್ತದೆ. ಏಳು ವರ್ಷದ ಸಾಲವಾದರೆ ಕಂತು ಆಗಲೂ ಮುಗಿದಿರುವುದಿಲ್ಲ. ಮನೆಯ ಮುಂದೆ ಕಾಣುವುದು ಕಾರು ಮಾತ್ರ. ಸಾಲದ ಪತ್ರ ಒಳಗಿನ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಅನಾವರಣಗೊಂಡ ಟಾಟಾ ನ್ಯಾನೋ ನಿರೀಕ್ಷಿಸಿದಷ್ಟು ಮಾರಾಟವಾಗದೆ 2018ರಲ್ಲಿ ನಿಂತುಹೋಯಿತು. ಅಗ್ಗದ ಕಾರೆಂಬ ಹೆಸರೇ ಅದಕ್ಕೆ ಮುಳುವಾದ ಕಾರಣಗಳಲ್ಲೊಂದು. ಜನ ಕಾರಿನಲ್ಲಿ ಸಂಚಾರವನ್ನಷ್ಟೇ ಅಲ್ಲ, ಮನ್ನಣೆಯನ್ನೂ ಕೊಳ್ಳುತ್ತಾರೆಂಬುದಕ್ಕೆ ಇದು ನಿದರ್ಶನ.

ಈ ಮನೋಧರ್ಮವನ್ನು ಜೈನಾಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ. ಲೋಭದಿಂದ ಎತ್ತು ಮೊದಲಾದವುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಅದರ ಅರ್ಥ. ಅವಶ್ಯಕತೆಗಿಂತ ಹೆಚ್ಚು ವಾಹನಗಳನ್ನು ಇರಿಸಿಕೊಳ್ಳುವುದೆಂದೂ ಅದನ್ನು ವಿವರಿಸುವುದುಂಟು. ಪರರ ವೈಭವವನ್ನು ಕಂಡು ಬೆರಗಾಗುವ ಅತಿವಿಸ್ಮಯವೂ ಅದೇ ಪಟ್ಟಿಯಲ್ಲಿ ಸೇರಿರುವುದು ವಿಚಾರಾರ್ಹ. ಗೃಹಸ್ಥನು ವಾಹನವನ್ನೇ ಇಟ್ಟುಕೊಳ್ಳಬಾರದೆಂದು ವ್ರತವು ಹೇಳುವುದಿಲ್ಲ. ಎಷ್ಟು ಸಾಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕೆಂದು ಹೇಳುತ್ತದೆ. ಇಂದು ಶಕ್ತಿ ಮೀರಿ ಹೊರೆ ಎಳೆಯುತ್ತಿರುವುದು ಎತ್ತಲ್ಲ, ಕಂತು ಕಟ್ಟುವ ಗೃಹಸ್ಥನೇ.

ಹಾಗಾದರೆ ಒಂದು ಪ್ರದೇಶದ ಸಮೃದ್ಧಿಯನ್ನು ಅಳೆಯುವ ಬಗೆ ಯಾವುದು? ಮನೆಯವರ ಉಳಿತಾಯ, ನೌಕರಿಯ ಭದ್ರತೆ, ಕುಡಿಯುವ ನೀರು, ವೃದ್ಧರೂ ಮಕ್ಕಳೂ ನಿರ್ಭಯವಾಗಿ ನಡೆಯಬಲ್ಲ ಕಾಲುದಾರಿ ಇವುಗಳನ್ನು ಮೊದಲು ನೋಡಬೇಕು. ಇದೇ ಭಾಗದಲ್ಲಿ ಹರಿದು ಕೆಂಗೇರಿಯನ್ನು ದಾಟಿ ಅರ್ಕಾವತಿಯನ್ನು ಸೇರುವ ವೃಷಭಾವತಿ ನದಿಯು ಕೊಳಚೆಯ ಕಾಲುವೆಯಾಗಿದೆ. ಅದರ ದಂಡೆಯ ರಸ್ತೆಯಲ್ಲಿ ಎಷ್ಟು ಹೊಸ ಕಾರುಗಳು ಓಡಿದರೂ ಆ ನಷ್ಟ ತುಂಬಿಬಾರದು. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ತಲುಪಿತು. ಅದನ್ನು ನೆಚ್ಚಿ ಎರಡನೆಯ ಕಾರನ್ನು ಬೇಡವೆಂದ ಕುಟುಂಬವು ನೋಂದಣಿಯ ಲೆಕ್ಕದಲ್ಲಿ ಕಾಣಿಸದು. ಆದರೂ ಅದರ ಸ್ಥಿತಿ ಉತ್ತಮಗೊಂಡಿರುತ್ತದೆ.

ಬಸದಿಯ ಉತ್ಸವಗಳಲ್ಲಿ, ವಿವಾಹ ಸಂಬಂಧಗಳ ಮಾತುಕತೆಗಳಲ್ಲಿ ಬಂದವರ ವಾಹನವನ್ನು ನೋಡಿ ಆಸನವನ್ನು ನಿರ್ಧರಿಸುವ ರೂಢಿ ಎಲ್ಲಿಯಾದರೂ ತಲೆಯೆತ್ತಿದ್ದರೆ ಅದನ್ನು ತಿದ್ದುವ ಹೊಣೆ ಸಮಾಜದ ಹಿರಿಯರದು, ವಿಶ್ವಸ್ಥರದು. ಬಸ್ಸಿನಿಂದಿಳಿದು ನಡೆದು ಬಂದ ಸಾಲವಿಲ್ಲದ ಗೃಹಸ್ಥನಿಗೂ ಮೊದಲ ಸಾಲಿನಲ್ಲಿ ಸ್ಥಳವಿರಬೇಕು. ಅಂತಹ ಗೃಹಸ್ಥರು ಎಷ್ಟು ಮಂದಿ ಇರುವರೆಂಬುದೇ ಆ ಊರಿನ ಸಿರಿಯ ನಿಜವಾದ ಲೆಕ್ಕ.